ಕೊನೆಯಂಚಿಗೆ ತಲುಪದ ರಕ್ತ

ಡೆಂಗೀ ಜ್ವರವು ನಮ್ಮ ಹಳ್ಳಿಗಳಿಗೆ ಕಲಿಸಿಕೊಟ್ಟ ಪದಗಳಲ್ಲಿ ಪ್ಲೇಟ್‌ಲೆಟ್ ಎಂಬುದೂ ಒಂದು. ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಎಚ್ಚರ, ಐವತ್ತು ಸಾವಿರಕ್ಕಿಳಿದರೆ ಗಾಬರಿ, ಇಪ್ಪತ್ತು ಸಾವಿರವೆಂದರೆ ಕಲಬುರಗಿಗೋ ಹೈದರಾಬಾದಿಗೋ ಗಾಡಿ ಮಾಡಿಕೊಂಡು ಹೊರಡತಕ್ಕದ್ದು ಎಂಬಿಷ್ಟನ್ನು ಯಾದಗಿರಿ ಸೀಮೆಯಲ್ಲಿ ಅಕ್ಷರ ಕಾಣದ ಮುದುಕಿಯೂ ಬಲ್ಲಳು. ಆದುದರಿಂದ ಜ್ವರವೇ ಇಲ್ಲದವನ ರಕ್ತಪರೀಕ್ಷೆಯಲ್ಲಿ ಈ ಸಂಖ್ಯೆ ಕುಸಿದು ಕಂಡಾಗ ಮನೆಯವರಿಗೆ ಉಂಟಾಗುವ ದಿಗ್ಭ್ರಮೆಯು ಸಹಜವಾದುದೇ.

ಅಬ್ಬೆತುಮಕೂರಿನ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ವಿಶ್ವಾರಾಧ್ಯರ ಗದ್ದುಗೆಗೆ ನಡೆದುಕೊಳ್ಳುವ ಮನೆತನ, ತೊಗರಿ, ಹತ್ತಿಗಳ ಬೇಸಾಯ, ವಯಸ್ಸು ನಲವತ್ತೈದರ ಆಚೀಚೆ, ಕುಡಿತದ ಚಟವಿಲ್ಲ. ತೊಡೆಸಂದಿನ ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೆಂದು ಯಾದಗಿರಿಯ ಆಸ್ಪತ್ರೆಗೆ ಹೋದವನ ರಕ್ತವನ್ನು ವಾಡಿಕೆಯಂತೆ ಪರೀಕ್ಷಿಸಿದಾಗ ಪ್ಲೇಟ್‌ಲೆಟ್ 62,000 ಎಂದು ಬಂದಿದೆ. ಜೊತೆಗೆ ಹೆಪಟೈಟಿಸ್ ಬಿ ವೈರಾಣುವಿನ ಗುರುತೂ ಕಂಡಿದೆ. ವೈದ್ಯರು ಕೈಹಿಡಿದು ನೋಡಿದರೆ ಅಂಗೈ ಕೆಂಪು, ಬೆಚ್ಚಗೆ. ನಾಡಿ ತುಂಬಿ ಬಡಿಯುತ್ತಿದೆ. ರಕ್ತದೊತ್ತಡ ಮಾತ್ರ 96ಕ್ಕೆ 54. ಹೃದಯದಲ್ಲೇನಾದರೂ ದೋಷವಿದ್ದೀತೆಂದು ಕಲಬುರಗಿಯ ಜಯದೇವ ಆಸ್ಪತ್ರೆಯಲ್ಲಿ ತೋರಿಸಿದರೆ, ಎಕೋ ಪರೀಕ್ಷೆಯಲ್ಲಿ ಹೃದಯವು ಸಾಮಾನ್ಯರದಕ್ಕಿಂತಲೂ ಹುರುಪಿನಿಂದ ಕುಗ್ಗಿ ಹಿಗ್ಗುತ್ತಿರುವುದು ಕಾಣುತ್ತದೆ.

ಯಕೃತ್ತಿನಲ್ಲಿ ನೆಲೆಸಿದ ವೈರಾಣು ರಕ್ತದ ಕಣಗಳನ್ನು ಎಲ್ಲಿಗೆ ಸಾಗಿಸಿತು? ಅದು ಮುಟ್ಟದಿರುವ ಹೃದಯವು ಹೀಗೇಕೆ ಧಾವಿಸುತ್ತಿದೆ? ಇನ್ನು ಕೆಲವು ವರ್ಷ ಕಳೆದು ಇದೇ ಮನುಷ್ಯನ ಹೊಟ್ಟೆಯಲ್ಲಿಯೂ ಕಾಲಿನಲ್ಲಿಯೂ ನೀರು ತುಂಬಿಕೊಂಡಾಗ, ಮೈಯೆಲ್ಲ ನೀರಾಗಿರುವವನ ಮೂತ್ರಪಿಂಡಗಳು ಬರಗಾಲದಲ್ಲಿ ಸಿಕ್ಕವನ ಮೂತ್ರಪಿಂಡಗಳಂತೆ ಹನಿಹನಿಯನ್ನೂ ಹಿಡಿದಿಟ್ಟುಕೊಳ್ಳುವುದೇಕೆ? ಮೂರೂ ಬೇರೆ ಬೇರೆ ರೋಗಗಳೆಂದು ತೋರಬಹುದು; ಮೂರಕ್ಕೂ ಬೇರು ಒಂದೇ ಎಂಬುದನ್ನು ವೈದ್ಯಶಾಸ್ತ್ರವು ಕಂಡುಕೊಂಡದ್ದು ಕಳೆದ ಎಪ್ಪತ್ತು ವರ್ಷಗಳಲ್ಲಿ, ಅದೂ ಬಹು ನಿಧಾನವಾಗಿ.

ಹಳದಿ ಕಾಣದ ಬೇನೆ

ಕಾಮಣಿ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಹಳದಿಯಾದ ಕಣ್ಣು, ಹಳದಿಯಾದ ಮೂತ್ರ ಮತ್ತು ನಾಟಿ ಔಷಧ ಕೊಡುವವರ ಅಂಗಳ. ನೀರು ಆಹಾರಗಳ ಮೂಲಕ ಬರುವ ಎ ಮತ್ತು ಇ ಜಾತಿಯ ವೈರಾಣುಗಳ ಕಾಮಾಲೆಯು ಬಹುಮಟ್ಟಿಗೆ ಈ ಬಗೆಯದು. ಅದು ಬರುತ್ತದೆ, ಕೆಲವು ವಾರ ಕಾಡುತ್ತದೆ, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ, ಹೋದ ಕೀರ್ತಿಯು ಕೊನೆಯಲ್ಲಿ ಔಷಧ ಕೊಟ್ಟವರಿಗೆ ಸಲ್ಲುತ್ತದೆ. ಬಿ ಮತ್ತು ಸಿ ಜಾತಿಯವುಗಳ ನಡತೆಯೇ ಬೇರೆ. ಅವು ರಕ್ತದಿಂದ ರಕ್ತಕ್ಕೆ, ತಾಯಿಯಿಂದ ಕೂಸಿಗೆ, ದಾಂಪತ್ಯ ಸಂಬಂಧದಲ್ಲಿ ದಾಟುತ್ತವೆ. ದಾಟಿದಮೇಲೆ ಯಾವ ಸದ್ದೂ ಇಲ್ಲದೆ ದಶಕಗಟ್ಟಲೆ ಒಳಗೇ ಉಳಿಯಬಲ್ಲವು. ಹೆರಿಗೆಯ ವೇಳೆಯಲ್ಲಿ ಬಿ ಸೋಂಕು ತಗಲಿದ ಶಿಶುಗಳಲ್ಲಿ 100ಕ್ಕೆ ಸುಮಾರು 90ರಲ್ಲಿ ಅದು ಶಾಶ್ವತವಾಗಿ ನಿಲ್ಲುತ್ತದೆ. ಬೆಳೆದವರಿಗೆ ತಗಲಿದರೆ ನಿಲ್ಲುವುದು 100ಕ್ಕೆ 5ಕ್ಕೂ ಕಡಮೆ ಜನರಲ್ಲಿ. 2022ರ ಲೆಕ್ಕದಂತೆ ಭಾರತದಲ್ಲಿ ಬಿ ಸೋಂಕನ್ನು ಹೊತ್ತವರು ಸುಮಾರು 2.98 ಕೋಟಿ, ಸಿ ಸೋಂಕಿನವರು ಸುಮಾರು 55 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಬಿ ವೈರಾಣುವಿನ ಜಾಡು ಮೊದಲು ಸಿಕ್ಕಿದ್ದು 1960ರ ದಶಕದಲ್ಲಿ. ಅಮೆರಿಕದ ಬರೂಚ್ ಬ್ಲಂಬರ್ಗ್ ಎಂಬವರು ಪದೇ ಪದೇ ರಕ್ತ ಪಡೆದಿದ್ದ ಕುಸುಮರೋಗಿಯೊಬ್ಬನ ರಕ್ತದ್ರವವನ್ನು ದೂರದ ಆಸ್ಟ್ರೇಲಿಯದ ಆದಿವಾಸಿಯೊಬ್ಬನ ರಕ್ತದ್ರವದೊಡನೆ ಬೆರೆಸಿದಾಗ ಕಂಡ ಒಂದು ವಿಚಿತ್ರವಾದ ಗೆರೆಯನ್ನು ಬೆನ್ನಟ್ಟಿ, ಅದು ಕಾಮಾಲೆಯ ವೈರಾಣುವಿನದೇ ಹೊರಕವಚವೆಂಬ ನಿರ್ಣಯಕ್ಕೆ ಬಂದರು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ನಾಟಿ ಔಷಧವಾದ ನೆಲನೆಲ್ಲಿಗೂ ಅವರಿಗೂ ಒಂದು ನಂಟುಂಟು. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲಂಬರ್ಗರ ಸಹಯೋಗದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ತಿಂಗಳು ನೆಲನೆಲ್ಲಿಯ ಪುಡಿ ತಿಂದ 37 ಜನರ ಪೈಕಿ 22 ಜನರ ರಕ್ತದಿಂದ ಈ ಗುರುತು ಮಾಯವಾಯಿತೆಂದಿತ್ತು. ಜಗತ್ತೇ ಕಿವಿ ನಿಮಿರಿಸಿತು. ಆದರೆ ಬೇರೆ ನಾಡುಗಳಲ್ಲಿ ಮತ್ತೆ ಮತ್ತೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ದೊರೆಯಲಿಲ್ಲ. ನಾಟಿ ಔಷಧವನ್ನು ಹೀಯಾಳಿಸುವವರೂ, ಅದನ್ನು ಕುರುಡಾಗಿ ನಂಬುವವರೂ ಈ ಕಥೆಯನ್ನು ಪೂರ್ತಿಯಾಗಿ ಹೇಳುವುದಿಲ್ಲವೆಂಬುದು ನನಗೆ ತೋರುವ ಮಾತು. ಅದನ್ನು ಪರೀಕ್ಷೆಗೆ ಒಡ್ಡಿದ್ದೂ ಸರಿ, ಪರೀಕ್ಷೆಯಲ್ಲಿ ನಿಲ್ಲದಿದ್ದಾಗ ಬಿಟ್ಟದ್ದೂ ಸರಿ.

ನಮ್ಮ ರೈತನಿಗೆ ಸೋಂಕು ಎಲ್ಲಿಂದ ಬಂದಿತೆಂದು ಇಂದು ಹೇಳಲಾಗದು. ತಾಯಿಯಿಂದ ಬಂದಿರಬಹುದು, ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ ಬಂದಿರಬಹುದು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಾಗ ಬಂದಿರಬಹುದು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದುದರಿಂದ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹಬ್ಬಿದ ಬಿ ಕಾಮಾಲೆಯು ಹತ್ತಾರು ಜೀವಗಳನ್ನು ತೆಗೆದುಕೊಂಡಿತು. ಲಸಿಕೆಯ ಮಾತು ಬಂದರೆ, ಇವನು ಹುಟ್ಟಿದ ಕಾಲಕ್ಕೆ ಅದು ಈ ಸೀಮೆಗೆ ಬಂದೇ ಇರಲಿಲ್ಲ. ಹೈದರಾಬಾದಿನಲ್ಲಿ ವರಪ್ರಸಾದ ರೆಡ್ಡಿಯವರು ಕಟ್ಟಿದ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು 1997ರಲ್ಲಿ ಅಗ್ಗದ ದೇಶೀ ಲಸಿಕೆಯನ್ನು ಹೊರತಂದಮೇಲೆಯೇ ಬಡವರ ಮಕ್ಕಳಿಗೂ ಅದು ಎಟಕುವ ಆಸೆ ಹುಟ್ಟಿದ್ದು. ಸರ್ಕಾರದ ಲಸಿಕೆಗಳ ಪಟ್ಟಿಯಲ್ಲಿ ಕರ್ನಾಟಕದ ಮಕ್ಕಳಿಗೆ ಅದು ದೊರೆಯತೊಡಗಿದ್ದು 2007-08ರ ಸುಮಾರಿಗೆ. ಅಂದರೆ ಇಂದು ಇಪ್ಪತ್ತು ದಾಟಿದ ಬಹುಪಾಲು ಜನರು ಆ ರಕ್ಷಣೆಯ ಹೊರಗೇ ಬೆಳೆದವರು.

ಎಡದಂಡೆಯ ಕಾಲುವೆ

ಯಕೃತ್ತಿಗೆ ರಕ್ತವು ಎರಡು ಕಡೆಯಿಂದ ಬರುತ್ತದೆ. ನಿಮಿಷಕ್ಕೆ ಒಂದೂವರೆ ಲೀಟರಿನಷ್ಟು ಬರುವ ಆ ರಕ್ತದಲ್ಲಿ ಕಾಲುಪಾಲು ಮಾತ್ರ ಹೃದಯದಿಂದ ನೇರವಾಗಿ ಧಮನಿಯಲ್ಲಿ ಬಂದದ್ದು. ಉಳಿದ ಮುಕ್ಕಾಲು ಪಾಲು ಜಠರ, ಕರುಳು, ಗುಲ್ಮಗಳಲ್ಲಿ ಒಮ್ಮೆ ಸುತ್ತಾಡಿ, ಉಂಡ ಅನ್ನದ ಸಾರವನ್ನು ಹೊತ್ತು, ದ್ವಾರಸಿರೆ ಎಂದು ನಾವು ಕರೆಯಬಹುದಾದ ದಪ್ಪನೆಯ ನಾಳದಲ್ಲಿ ಬರುವುದು. ಆರೋಗ್ಯವಂತನ ಯಕೃತ್ತು ಈ ರಕ್ತವನ್ನು ಯಾವ ತಡೆಯೂ ಇಲ್ಲದೆ ಹೀರಿಕೊಂಡು ಆಚೆಗೆ ಬಿಡುತ್ತದೆ. ಎರಡು ಕಡೆಗಳ ಒತ್ತಡದ ಅಂತರವು ಪಾದರಸದ 5 ಮಿಲಿಮೀಟರನ್ನು ಮೀರುವುದಿಲ್ಲ. ವೈರಾಣುವಿನೊಡನೆ ದೇಹವು ವರ್ಷಾನುವರ್ಷ ಹೋರಾಡಿದಂತೆಲ್ಲ ಯಕೃತ್ತಿನ ಮೃದು ಅಂಗಾಂಶದಲ್ಲಿ ನಾರು ಬೆಳೆಯುತ್ತದೆ, ಗಂಟು ಕಟ್ಟುತ್ತದೆ. ಸಿರೋಸಿಸ್ ಎನ್ನುವುದು ಇದನ್ನೇ. ಇದನ್ನು 1819ರಲ್ಲಿ ವಿವರಿಸಿದ ಫ್ರಾನ್ಸಿನ ಲೆನೆಕ್ ಎದೆಯ ಸದ್ದು ಕೇಳುವ ಸ್ಟೆತಾಸ್ಕೋಪಿನ ಜನಕನೂ ಆಗಿದ್ದನು, ಆ ವಿವರಣೆ ಬಂದದ್ದು ಎದೆಯ ರೋಗಗಳ ಗ್ರಂಥದಲ್ಲಿಯೇ. ಯಕೃತ್ತಿಗೂ ಎದೆಗೂ ಇರುವ ನಂಟು ಮಾತ್ರ ಅವನ ಕಾಲಕ್ಕೆ ಹೊಳೆದಿರಲಿಲ್ಲ.

ನಂಟು ಏನೆಂಬುದನ್ನು ತಿಳಿಯಲು ಸುರಪುರ, ಶಹಾಪುರದ ರೈತರಿಗೆ ಪುಸ್ತಕ ಬೇಡ. ನಾರಾಯಣಪುರದ ಬಸವಸಾಗರದಿಂದ ಹೊರಟು ಬರುವ ಎಡದಂಡೆ ಕಾಲುವೆಯೇ ಸಾಕು. ಈ ಯೋಜನೆಯನ್ನು ರೂಪಿಸಿದವರು ಜೋಳ, ತೊಗರಿ, ಶೇಂಗಾದಂತಹ ಅಲ್ಪನೀರಿನ ಬೆಳೆಗಳನ್ನು ಗಣನೆಗೆ ತೆಗೆದುಕೊಂಡು ನೀರಿನ ಹಂಚಿಕೆಯನ್ನು ಲೆಕ್ಕಹಾಕಿದ್ದರು. ನೀರು ಬಂದಮೇಲೆ ಕಾಲುವೆಯ ತಲೆಭಾಗದವರು ಭತ್ತ ನಾಟಿದರು. ತೂಬುಗಳು ಅಗಲವಾಗಿ ತೆರೆದುಕೊಂಡವು. ಮೇಲಿನ ಗದ್ದೆಗಳಲ್ಲಿ ನೀರು ನಿಂತು, ಅದನ್ನು ಹೊರಗೊಯ್ಯಬೇಕಾದ ಬಸಿಗಾಲುವೆ ಹೂಳಿನಿಂದ ಮುಚ್ಚಿದ್ದರಿಂದ ನೆಲ ಜವುಳಾಯಿತು. ಅದೇ ಹೊತ್ತಿನಲ್ಲಿ ಕೊನೆಯಂಚಿನ ಹೊಲಗಳವರು ಬರಿದಾದ ಕವಲುಗಾಲುವೆಯ ದಂಡೆಯ ಮೇಲೆ ಕುಳಿತು ನೀರಿಗಾಗಿ ಧರಣಿ ಹೂಡಿದರು. ಕೊನೆಯಂಚಿನ ಕೂಗಿಗೆ ಓಗೊಟ್ಟು ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ, ಅಗಲವಾಗಿ ತೆರೆದ ಮೇಲಿನ ತೂಬುಗಳೇ ಅದನ್ನೂ ಕುಡಿದುಬಿಡುತ್ತವೆ. ಜವುಳು ಹೆಚ್ಚುತ್ತದೆ, ಕೊನೆಯಂಚು ಒಣಗಿಯೇ ಇರುತ್ತದೆ.

ಸಿರೋಸಿಸ್ ಆದವನ ದೇಹದಲ್ಲಿ ನಡೆಯುವುದು ಇದೇ. ಗಂಟುಗಟ್ಟಿದ ಯಕೃತ್ತು ಹೂಳು ತುಂಬಿದ ಬಸಿಗಾಲುವೆ. ಅದರ ಹಿಂದೆ ದ್ವಾರಸಿರೆಯಲ್ಲಿ ಒತ್ತಡ ಏರುತ್ತದೆ. 10 ಮಿಲಿಮೀಟರು ದಾಟಿತೆಂದರೆ ಅನ್ನನಾಳದ ಕೆಳತುದಿಯಲ್ಲಿ ಉಬ್ಬುಸಿರೆಗಳು ಮೂಡತೊಡಗುತ್ತವೆ, 12 ದಾಟಿದರೆ ಅವು ಒಡೆದು ರಕ್ತವಾಂತಿಯಾಗುವ ಭಯವುಂಟು. ಒತ್ತಡ ಹೆಚ್ಚಿದ ಕಡೆಗೆ ಬರುವ ರಕ್ತ ಕಡಮೆಯಾಗಬೇಕಿತ್ತೆಂದು ನಾವು ತರ್ಕಿಸುತ್ತೇವೆ. ಆದರೆ ಕರುಳಿಗೆ ರಕ್ತ ತರುವ ಧಮನಿಗಳ ಒಳಗೋಡೆಯು, ಈ ಒತ್ತಡಕ್ಕೂ, ಕರುಳಿನಿಂದ ಸೋರಿಬಂದ ಬ್ಯಾಕ್ಟೀರಿಯಗಳ ಚೂರುಗಳಿಗೂ ಪ್ರತಿಯಾಗಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತಿಯಾಗಿ ಸ್ರವಿಸುತ್ತದೆ. ಧಮನಿಗಳ ಸ್ನಾಯುವನ್ನು ಸಡಿಲಿಸುವುದೇ ಆ ಅನಿಲದ ಕೆಲಸ. ಅದರ ಆ ಗುಣವನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 1998ರ ನೊಬೆಲ್ ಬಂದಿತು, ಸಿರೋಸಿಸ್ಸಿನ ರಕ್ತಸಂಚಾರದ ಈ ವಿಕಾರಕ್ಕೆ ಅದೇ ಕಾರಣವಿರಬೇಕೆಂದು ವ್ಯಾಲೆನ್ಸ್ ಮತ್ತು ಮೊಂಕಾಡಾ 1991ರಲ್ಲಿಯೇ ಸೂಚಿಸಿದ್ದರು. ಹೀಗೆ ಬಸಿಗಾಲುವೆ ಕಟ್ಟಿದಷ್ಟೂ ಮೇಲಿನ ತೂಬು ಅಗಲವಾಗುತ್ತದೆ.

ಹೋಲಿಕೆಯು ಒಂದು ಕಡೆ ಮುರಿಯುತ್ತದೆ. ಗದ್ದೆಗೆ ಹೋದ ನೀರು ಬಸವಸಾಗರಕ್ಕೆ ಹಿಂದಿರುಗಲಾರದು. ದೇಹದಲ್ಲಿ ಸುತ್ತುವುದಾದರೋ ಅದೇ ಐದಾರು ಲೀಟರು ರಕ್ತ. ಕರುಳಿನ ಸುತ್ತಿನಲ್ಲಿ ಸಿಕ್ಕಿಕೊಂಡ ರಕ್ತವೆಲ್ಲ ಬೇರೆಡೆಯ ಪಾಲಿನಿಂದಲೇ ಕಳೆದದ್ದು.

ಧಾವಿಸುವ ಹೃದಯ

ಕತ್ತಿನ ಮತ್ತು ಎದೆಯ ದೊಡ್ಡ ಧಮನಿಗಳಲ್ಲಿ ಒತ್ತಡವನ್ನು ಅಳೆಯುವ ಸೂಕ್ಷ್ಮ ನರತುದಿಗಳಿವೆ. ದೇಹದಲ್ಲಿ ಒಟ್ಟು ಎಷ್ಟು ನೀರಿದೆಯೆಂಬುದು ಅವುಗಳಿಗೆ ತಿಳಿಯದು. ಧಮನಿಯಲ್ಲಿ ಒತ್ತಡ ಇಳಿದಿದೆ ಎಂಬುದಷ್ಟೇ ತಿಳಿಯುವುದು. ಇಳಿದಿದ್ದರೆ ರಕ್ತಸ್ರಾವವಾಗಿರಬೇಕು ಅಥವಾ ಬಾಯಾರಿರಬೇಕು ಎಂದು ಬಗೆದು, ಹೃದಯಕ್ಕೆ ವೇಗವಾಗಿ ಬಡಿಯುವಂತೆಯೂ, ಮೂತ್ರಪಿಂಡಗಳಿಗೆ ಉಪ್ಪು ನೀರುಗಳನ್ನು ಹಿಡಿದಿಡುವಂತೆಯೂ ಅವು ಆಜ್ಞೆ ಕಳುಹಿಸುತ್ತವೆ. ಮೂತ್ರಪಿಂಡಗಳೇ ಇಲ್ಲಿ ಕೊನೆಯಂಚಿನ ರೈತರು. ಹಿಡಿದಿಟ್ಟ ನೀರು ಅವುಗಳಿಗೆ ದಕ್ಕದೆ ಜವುಳು ನೆಲಕ್ಕೇ, ಅಂದರೆ ಹೊಟ್ಟೆಗೇ, ಜಲೋದರವಾಗಿ ಸೋರುತ್ತದೆ. ಜಲೋದರದ ರೋಗಿಗೆ ನೀರಿಗಿಂತ ಮೊದಲು ಉಪ್ಪನ್ನು ತಗ್ಗಿಸಲು ವೈದ್ಯರು ಹೇಳುವುದು ಇದಕ್ಕಾಗಿಯೇ, ಮತ್ತು ರೊಟ್ಟಿಯ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಿಲ್ಲದೆ ತುತ್ತು ಇಳಿಯದ ನಮ್ಮ ಸೀಮೆಯಲ್ಲಿ ಈ ಪಥ್ಯವು ಔಷಧಕ್ಕಿಂತ ಕಠಿನವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಮೈಕೈ ನೋವಿಗೆ ಹಳ್ಳಿಗಳಲ್ಲಿ ಯಥೇಚ್ಛವಾಗಿ ನುಂಗುವ ಡೈಕ್ಲೋಫೆನಾಕ್‌ನಂತಹ ಗುಳಿಗೆಗಳು, ಬಡಕಲಾದ ಆ ಕೊನೆಯಂಚಿಗೆ ತಲುಪುತ್ತಿದ್ದ ಅಲ್ಪಸ್ವಲ್ಪ ರಕ್ತವನ್ನೂ ತಡೆಯುತ್ತವೆ. ಯಕೃತ್ತು ಕೆಟ್ಟವನ ಮೂತ್ರಪಿಂಡಗಳು ಒಂದು ವಾರದ ನೋವುಗುಳಿಗೆಯಿಂದ ಸೋತುಹೋಗಬಹುದು.

ಹೃದಯದ ಕಡೆಗೆ ತಿರುಗೋಣ. ಆರೋಗ್ಯವಂತನ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ನೂಕುತ್ತದೆ. 1953ರಲ್ಲಿ ಬಾಸ್ಟನ್ನಿನ ಕೋವಾಲ್ಸ್ಕಿ ಮತ್ತು ಅಬೆಲ್ಮನ್ ಎಂಬ ವೈದ್ಯರು ಸಿರೋಸಿಸ್ ರೋಗಿಗಳಲ್ಲಿ ಇದನ್ನು ಅಳೆದು, ಹಲವರಲ್ಲಿ ಅದು ಮಿತಿಮೀರಿ ಹೆಚ್ಚಿದೆಯೆಂದು ಕಂಡರು. ಮುಂದುವರಿದ ರೋಗಿಗಳಲ್ಲಿ 8-10 ಲೀಟರಿಗೆ ಏರುವುದೂ ಉಂಟು. ಬೆಚ್ಚನೆಯ ಕೈ, ಕೆಂಪಾದ ಅಂಗೈ, ತುಂಬಿ ಬಡಿಯುವ ನಾಡಿ, ಇಳಿದ ರಕ್ತದೊತ್ತಡ ಇವೆಲ್ಲವೂ ಸಡಿಲಗೊಂಡ ನಾಳಗಳಲ್ಲಿ ಹರಿಯುವ ಈ ಅತಿಪ್ರವಾಹದ ಚಿಹ್ನೆಗಳು. ಹೀಗೆ ಹಗಲಿರುಳು ದುಡಿದ ಹೃದಯವು ಬಳಲಿರಬೇಕಲ್ಲವೆ ಎಂದು ಕೇಳಿದರೆ, ಬಳಲಿದೆ. ಆದರೆ ಬಳಲಿಕೆ ಕಾಣದು. ಎದುರಿನ ನಾಳಗಳೆಲ್ಲ ಅಗಲವಾಗಿರುವಾಗ ಹೃದಯಕ್ಕೆ ಹೆಚ್ಚು ಪ್ರತಿರೋಧವೇ ಇಲ್ಲ. ಬಲವಿಲ್ಲದ ಹೃದಯವೂ ಸಲೀಸಾಗಿ ರಕ್ತವನ್ನು ನೂಕಿಬಿಡುತ್ತದೆ, ಮತ್ತು ಎಕೋ ಪರೀಕ್ಷೆಯು ಶಹಬಾಸ್ ಎನ್ನುತ್ತದೆ.

ನಮ್ಮ ರೈತನ ಎಕೋ ವರದಿಯನ್ನು ನಂಬಿ ಅವನ ಹೃದಯ ಗಟ್ಟಿಯೆಂದು ತೀರ್ಮಾನಿಸುವುದು ಅವಸರವಾದೀತು. ಒಂದು ದೊಡ್ಡ ಸೋಂಕು, ಒಂದು ರಕ್ತವಾಂತಿ, ಒಂದು ಶಸ್ತ್ರಚಿಕಿತ್ಸೆ ಎದುರಾದಾಗ ಆರೋಗ್ಯವಂತನ ಹೃದಯವು ತನ್ನ ದುಡಿಮೆಯನ್ನು ಇಮ್ಮಡಿಗೊಳಿಸಬಲ್ಲದು. ಇವನದು ಇನ್ನು ಮೇಲೇರಲಾರದು. ಹುರುಪು ತುಂಬುವ ಹಾರ್ಮೋನುಗಳಿಗೆ ಸದಾ ಒಡ್ಡಿಕೊಂಡು ಹೃದಯದ ಜೀವಕೋಶಗಳು ಅವುಗಳ ಕರೆಗೆ ಜಡವಾಗಿರುತ್ತವೆ; ಹಿಗ್ಗಿ ರಕ್ತ ತುಂಬಿಕೊಳ್ಳುವ ಹೊತ್ತಿನಲ್ಲಿ ಹೃದಯದ ಗೋಡೆ ಬಿಗಿಯಾಗಿರುತ್ತದೆ; ಇ.ಸಿ.ಜಿ. ತೆಗೆದರೆ ಪ್ರತಿ ಬಡಿತದ ವಿದ್ಯುತ್ತು ಹಿಂದಿರುಗಲು ತೆಗೆದುಕೊಳ್ಳುವ ಕಾಲವು ಹಲವರಲ್ಲಿ ದೀರ್ಘವಾಗಿರುತ್ತದೆ. ಬಹಳ ಕಾಲ ಇದೆಲ್ಲವೂ ಮದ್ಯಪಾನದ ಫಲವೆಂದೇ ಎಣಿಸಲಾಗಿತ್ತು. ಮದ್ಯವನ್ನು ಮುಟ್ಟದ, ವೈರಾಣುವಿನಿಂದ ಸಿರೋಸಿಸ್ ಬಂದವರಲ್ಲಿಯೂ ಇದೇ ಕಂಡಮೇಲೆ, ಯಕೃತ್ತಿನ ರೋಗದಿಂದಲೇ ಬರುವ ಹೃದಯಸ್ನಾಯುವಿನ ದೌರ್ಬಲ್ಯವೆಂದು ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. 2005ರಲ್ಲಿ ಮಾಂಟ್ರಿಯಲ್ಲಿನಲ್ಲಿ ಕಲೆತ ತಜ್ಞರು ಅದರ ಲಕ್ಷಣಗಳನ್ನು ಮೊದಲು ಗೊತ್ತುಮಾಡಿದರು. ಕುಡಿಯದವನಿಗೆ ಯಕೃತ್ತು ಕೆಟ್ಟಾಗ ಊರಿನವರು ಅವನ ಮೇಲೆ ಕದ್ದು ಕುಡಿಯುವ ಅಪವಾದ ಹೊರಿಸುವುದು ಇಂದಿಗೂ ನಿಂತಿಲ್ಲ. ವೈದ್ಯಲೋಕವೇ ಅಷ್ಟು ಕಾಲ ಆ ಸಂಶಯವನ್ನು ಬಿಡಲಿಲ್ಲವೆಂದಮೇಲೆ ಊರನ್ನು ದೂರುವುದೆಂತು?

ಗುಲ್ಮದಲ್ಲಿ ತಂಗಿದ ಕಣಗಳು

ಪ್ಲೇಟ್‌ಲೆಟ್‌ಗಳನ್ನು ಕಿರುಬಿಲ್ಲೆಗಳೆಂದು ಕರೆಯೋಣ. ಆರೋಗ್ಯವಂತನಲ್ಲಿಯೂ ಇವುಗಳಲ್ಲಿ ಮೂರರಲ್ಲೊಂದು ಪಾಲು ಸದಾ ಎಡಪಕ್ಕೆಯ ಗುಲ್ಮದಲ್ಲಿ ತಂಗಿರುತ್ತದೆ, ಬೇಕಾದಾಗ ಹೊರಬರುತ್ತದೆ. ಗುಲ್ಮದ ರಕ್ತವೂ ದ್ವಾರಸಿರೆಯ ಮೂಲಕವೇ ಹೋಗತಕ್ಕದ್ದಾದುದರಿಂದ, ಅಲ್ಲಿ ಒತ್ತಡ ಏರಿದಾಗ 150 ಗ್ರಾಮಿನ ಆ ಅಂಗವು ಹಲವು ಪಟ್ಟು ಊದಿಕೊಳ್ಳುತ್ತದೆ. ಹಿಂದೆ ಮಲೇರಿಯ ಬಲವಾಗಿದ್ದ ಊರುಗಳಲ್ಲಿ ಎಡಪಕ್ಕೆಯ ಗಡ್ಡೆಯೆಂದರೆ ಚಳಿಜ್ವರದ ಗಡ್ಡೆಯೆಂದೇ ನಂಬಿಕೆಯಿತ್ತು. ಅವುಗಳಲ್ಲಿ ಕೆಲವಾದರೂ ಯಕೃತ್ತಿನ ರೋಗದಿಂದಾದ ಗಡ್ಡೆಗಳಾಗಿದ್ದಿರಬೇಕು. ಊದಿದ ಗುಲ್ಮದಲ್ಲಿ ಒಟ್ಟು ಕಿರುಬಿಲ್ಲೆಗಳ ಶೇಕಡ 90ರವರೆಗೂ ಸೇರಿಕೊಂಡಿರಬಹುದೆಂದು 1966ರಲ್ಲಿ ರಿಚರ್ಡ್ ಆಸ್ಟರ್ ಎಂಬವರು ವಿಕಿರಣದ ಗುರುತು ಹಚ್ಚಿದ ಕಣಗಳ ಜಾಡು ಹಿಡಿದು ತೋರಿಸಿದರು. ಅಂದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣೆಯಾದ ಕಣಗಳಲ್ಲಿ ಹೆಚ್ಚಿನವು ಸತ್ತಿಲ್ಲ, ಮೇಲಿನ ಗದ್ದೆಯಲ್ಲಿ ನಿಂತಿವೆ. ಬಿಳಿಯ ರಕ್ತಕಣಗಳೂ ಕೊಂಚಮಟ್ಟಿಗೆ ಹೀಗೆಯೇ ಸಿಕ್ಕಿಕೊಳ್ಳುತ್ತವೆ.

ಇದರ ಮೇಲೆ ಇನ್ನೊಂದು ಪೆಟ್ಟು. ಹೊಸ ಕಿರುಬಿಲ್ಲೆಗಳನ್ನು ತಯಾರಿಸುವಂತೆ ಅಸ್ಥಿಮಜ್ಜೆಗೆ ಹೇಳುವ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನು ಹುಟ್ಟುವುದು ಪ್ರಧಾನವಾಗಿ ಯಕೃತ್ತಿನಲ್ಲಿ. ಯಕೃತ್ತು ಕುಂದಿದಾಗ ಆಜ್ಞೆಯೂ ಕುಂದುತ್ತದೆ. ಇಂತಹವನಿಗೆ ಬಾಟಲಿ ಬಾಟಲಿಯಾಗಿ ಕಿರುಬಿಲ್ಲೆಗಳನ್ನು ಏರಿಸಿದರೆ, ಅವುಗಳ ದೊಡ್ಡ ಪಾಲೂ ಗುಲ್ಮಕ್ಕೇ ಹೋಗಿ ಸೇರುತ್ತದೆ. ಪಪ್ಪಾಯಿಯ ಎಲೆಯ ರಸದ ಮಾತನ್ನು ಇಲ್ಲಿ ಎತ್ತದಿರುವುದೇ ಮೇಲು.

ಹೆಪ್ಪಿನ ಸಮತೋಲ

ಕಿರುಬಿಲ್ಲೆ ಕಡಮೆ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಮಾಡುವ ಯಕೃತ್ತು ದುರ್ಬಲ, ಹೆಪ್ಪಿನ ಕಾಲವನ್ನು ಅಳೆಯುವ ಐ.ಎನ್.ಆರ್. ಪರೀಕ್ಷೆಯಲ್ಲಿ ಸಂಖ್ಯೆ ಹೆಚ್ಚು: ಇಷ್ಟು ಕಂಡಮೇಲೆ ಇವನ ರಕ್ತ ನೀರಿನಂತೆ ತೆಳ್ಳಗಾಗಿದೆ, ಗಾಯವಾದರೆ ನಿಲ್ಲದು ಎಂದು ಹೇಳುವುದು ಸುಲಭ. ಅನೇಕ ತಲೆಮಾರುಗಳ ವೈದ್ಯರು ಹಾಗೆಯೇ ಹೇಳಿದರು. ಅವರು ಗಮನಿಸದೆ ಹೋದದ್ದು ಒಂದುಂಟು. ಹೆಪ್ಪನ್ನು ಕಟ್ಟುವ ಪ್ರೋಟೀನುಗಳಂತೆ, ಹೆಪ್ಪು ಅತಿಯಾಗದಂತೆ ತಡೆಯುವ ಪ್ರೋಟೀನ್ ಸಿ, ಆಂಟಿಥ್ರಾಂಬಿನ್ ಮುಂತಾದವೂ ಯಕೃತ್ತಿನಲ್ಲಿಯೇ ಹುಟ್ಟುವುವು. ಕಟ್ಟುವವುಗಳೂ ತಡೆಯುವವುಗಳೂ ಒಟ್ಟಿಗೆ ಕುಂದುತ್ತವೆ. ಕಿರುಬಿಲ್ಲೆಗಳು ಕಡಮೆಯಾದರೆ, ಅವುಗಳನ್ನು ಗಾಯಕ್ಕೆ ಅಂಟಿಸುವ ವಾನ್ ವಿಲಬ್ರಾಂಡ್ ಎಂಬ ಅಂಟುಪ್ರೋಟೀನು ರಕ್ತನಾಳಗಳ ಗೋಡೆಯಿಂದ ಹೆಚ್ಚಾಗಿ ಬರುತ್ತದೆ. ಇಟಲಿಯ ಟ್ರಿಪೋಡಿ ಮತ್ತು ಮನ್ನುಚ್ಚಿ 2011ರಲ್ಲಿ ಈ ಹೊಸ ತಿಳಿವನ್ನು ಒಟ್ಟುಗೂಡಿಸಿ ಬರೆದ ಲೇಖನವು ಹಳೆಯ ನಂಬಿಕೆಯನ್ನು ಅಲುಗಿಸಿತು. ಸಮತೋಲವು ಇದೆ, ಆದರೆ ಕೆಳಮಟ್ಟದಲ್ಲಿದೆ. ಸಣ್ಣ ನೂಕಿಗೆ ಯಾವ ಕಡೆಗಾದರೂ ವಾಲಬಹುದು. ಇದೇ ರೋಗಿಗೆ ಒಂದು ದಿನ ರಕ್ತವಾಂತಿಯಾಗಬಹುದು, ಇನ್ನೊಂದು ದಿನ ದ್ವಾರಸಿರೆಯಲ್ಲಿಯೇ ಹೆಪ್ಪುಗಟ್ಟಬಹುದು. ಐ.ಎನ್.ಆರ್. ಪರೀಕ್ಷೆಯು ಕಟ್ಟುವ ಕಡೆಯನ್ನು ಮಾತ್ರ ಅಳೆಯುವುದರಿಂದ, ಇವನಿಗೆ ರಕ್ತ ಸೋರುವುದೋ ಇಲ್ಲವೋ ಎಂಬುದನ್ನು ಅದು ಹೇಳಲಾರದು.

ಅನ್ನನಾಳದ ಉಬ್ಬುಸಿರೆ ಒಡೆಯುವುದು ರಕ್ತ ತೆಳ್ಳಗಾದುದರಿಂದ ಎಂಬುದಕ್ಕಿಂತ ಹೆಚ್ಚಾಗಿ ಒತ್ತಡ ಏರಿದುದರಿಂದ. ಇದಕ್ಕೆ ಒಂದು ಸಾಕ್ಷ್ಯವು ಬಾರ್ಸೆಲೋನಾದಿಂದ ಬಂದಿತು. ಜೀರ್ಣನಾಳದ ಮೇಲ್ಭಾಗದಿಂದ ರಕ್ತಸ್ರಾವವಾಗಿ ಬಂದ 921 ರೋಗಿಗಳನ್ನು ವಿಲ್ಲಾನುಯೆವಾ ಮತ್ತು ಸಂಗಡಿಗರು ಎರಡು ಗುಂಪು ಮಾಡಿ, ಒಂದಕ್ಕೆ ಹಿಮೋಗ್ಲೋಬಿನ್ 9ಕ್ಕಿಂತ ಇಳಿದ ಕೂಡಲೇ ರಕ್ತ ಕೊಟ್ಟರು, ಇನ್ನೊಂದಕ್ಕೆ 7ಕ್ಕಿಂತ ಇಳಿದ ಮೇಲೆಯೇ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ವಾರಗಳ ಕೊನೆಗೆ ಬದುಕಿದ್ದವರು ಧಾರಾಳವಾಗಿ ರಕ್ತ ಪಡೆದ ಗುಂಪಿನಲ್ಲಿ ಶೇಕಡ 91, ಕೈಬಿಗಿಹಿಡಿದ ಗುಂಪಿನಲ್ಲಿ ಶೇಕಡ 95. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಮೊದಲು ಒಡೆಯುವುದು ಜವುಳು ಗದ್ದೆಯ ಬದುವೇ. ರಕ್ತ ಬೇಕೆಂದು ಹತ್ತು ಜನ ನೆಂಟರನ್ನು ಕರೆದುಕೊಂಡು ಬಂದು ನಿಂತ ಮನೆಯವರಿಗೆ ಈ ಮಾತನ್ನು ತಿಳಿಯಹೇಳಬೇಕಾದ ಯುವವೈದ್ಯರ ಕಷ್ಟವನ್ನು ಮಾತ್ರ ಯಾವ ಪ್ರಯೋಗವೂ ಅಳೆದಿಲ್ಲ.

ವೈರಾಣುವಿನ ನೇರ ಕೈವಾಡ

ಎಲ್ಲವನ್ನೂ ಕಾಲುವೆಯ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಕೆಲವರಲ್ಲಿ ವೈರಾಣುಗಳು ಯಕೃತ್ತು ಗಂಟುಗಟ್ಟುವುದಕ್ಕೂ ಮೊದಲೇ ರಕ್ತಕ್ಕೆ ಕೈಹಾಕುವುವು. ಬಿ ವೈರಾಣುವೂ ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳೂ ಕೂಡಿ ಧಮನಿಗಳ ಗೋಡೆಯನ್ನು ಉರಿಸುವ ಒಂದು ವಿರಳ ರೋಗವುಂಟು. ಅದರ ನಂಟು ಗೊತ್ತಾದದ್ದು 1970ರಲ್ಲಿ. ಸಿ ವೈರಾಣುವು ಪ್ರತಿಕಾಯ ತಯಾರಿಸುವ ಬಿಳಿಕಣಗಳನ್ನು ಸದಾ ಕೆರಳಿಸಿ, ಚಳಿಯಲ್ಲಿ ಗಟ್ಟಿಯಾಗುವ ವಿಚಿತ್ರ ಪ್ರೋಟೀನುಗಳನ್ನು ರಕ್ತದಲ್ಲಿ ತುಂಬಬಲ್ಲದು. ಆಗ ಕಾಲಿನ ಮೇಲೆ ನೇರಳೆ ಚುಕ್ಕೆಗಳೂ ಕೀಲುನೋವೂ ಕಾಣುತ್ತವೆ. ಹಾಗೆ ಕೆರಳಿದ ಬಿಳಿಕಣಗಳು ಕೆಲವೊಮ್ಮೆ ಅರ್ಬುದಕ್ಕೂ ತಿರುಗುವುವು. 2002ರಲ್ಲಿ ಫ್ರಾನ್ಸಿನ ವೈದ್ಯರು ಗುಲ್ಮದ ಅಂತಹ ಅರ್ಬುದವಿದ್ದ 9 ಜನರಿಗೆ ಸಿ ವೈರಾಣುವಿನ ಔಷಧವನ್ನು ಮಾತ್ರ ಕೊಟ್ಟರು. ವೈರಾಣು ತೊಲಗಿದ 7 ಜನರಲ್ಲಿ ಅರ್ಬುದವೂ ಅಡಗಿತು.

ಮೇಲಿನ ತೂಬುಗಳು

ರೋಗದ ಬೇರು ಹಂಚಿಕೆಯಲ್ಲಿದೆಯೆಂದು ತಿಳಿದಮೇಲೆ ಚಿಕಿತ್ಸೆಯ ಅರ್ಥವೂ ತಿಳಿಯುತ್ತದೆ. 1980ರಲ್ಲಿ ಪ್ಯಾರಿಸ್ ಸಮೀಪದ ದಿದಿಯೆ ಲೆಬ್ರೆಕ್ ಎಂಬ ವೈದ್ಯರು ಪ್ರೊಪ್ರನೊಲಾಲ್ ಎಂಬ ಹಳೆಯ ಹೃದಯದ ಗುಳಿಗೆಯು ದ್ವಾರಸಿರೆಯ ಒತ್ತಡವನ್ನು ಇಳಿಸುವುದೆಂದು ತೋರಿಸಿದರು. ಆ ಗುಳಿಗೆಯು ಹೃದಯದ ಧಾವಂತವನ್ನು ತಗ್ಗಿಸುವುದರ ಜೊತೆಗೆ ಕರುಳಿನ ಧಮನಿಗಳನ್ನು ಕಿರಿದುಗೊಳಿಸುತ್ತದೆ, ಅಂದರೆ ಮೇಲಿನ ತೂಬುಗಳನ್ನೇ ಹಿಡಿದು ಮುಚ್ಚುತ್ತದೆ. ಯಕೃತ್ತಿನ ರೋಗಿಗೆ ಹೃದಯದ ಗುಳಿಗೆಯನ್ನೇಕೆ ಬರೆದುಕೊಟ್ಟರೆಂದು ಔಷಧದಂಗಡಿಯವನೂ ಹುಬ್ಬೇರಿಸುವುದುಂಟು. ಸ್ಪೇನಿನಲ್ಲಿ ನಡೆದು 2019ರಲ್ಲಿ ಹೊರಬಂದ ಪ್ರಯೋಗವು, ಇನ್ನೂ ಜಲೋದರ ಬಾರದವರಲ್ಲಿ ಈ ಜಾತಿಯ ಗುಳಿಗೆಗಳು ಅದು ಬರುವುದನ್ನು ತಗ್ಗಿಸುತ್ತವೆಂದು ಕಂಡುಕೊಂಡಿತು. ಆದರೆ ರಕ್ತದೊತ್ತಡ ತೀರ ಇಳಿದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಇದೇ ಗುಳಿಗೆ ಅಪಾಯಕಾರಿ. ಅಲ್ಲಿ ಹೃದಯದ ಧಾವಂತವೊಂದೇ ಕೊನೆಯಂಚಿಗೆ ಉಳಿದ ಆಧಾರ. 96ಕ್ಕೆ 54 ಎಂಬ ಒತ್ತಡದ ನಮ್ಮ ರೈತನಿಗೆ ಅದನ್ನು ಕೊಡಬೇಕೆ, ಎಷ್ಟು ಕೊಡಬೇಕು ಎಂಬುದನ್ನು ವೈದ್ಯರು ವಾರ ವಾರವೂ ತೂಗಿ ನೋಡಬೇಕಾಗುತ್ತದೆ. ಉಬ್ಬುಸಿರೆ ದೊಡ್ಡದಿದ್ದರೆ ಅನ್ನನಾಳಕ್ಕೆ ಅಂತರ್ದರ್ಶಕ ನಳಿಕೆಯನ್ನಿಳಿಸಿ ರಬ್ಬರಿನ ಉಂಗುರದಿಂದ ಅದನ್ನು ಬಿಗಿಯುವುದೂ ಉಂಟು. ಹರ್ನಿಯಾದ ಶಸ್ತ್ರಚಿಕಿತ್ಸೆ ಸದ್ಯಕ್ಕೆ ಕಾಯಲಿ.

ಬಸಿಗಾಲುವೆಯ ಹೂಳನ್ನೇ ತೆಗೆಯಲಾಗದೆ ಎಂಬ ಪ್ರಶ್ನೆ ಉಳಿಯಿತು. ಒಮ್ಮೆ ಗಂಟುಗಟ್ಟಿದ ಯಕೃತ್ತು ಮರಳಿ ಮೃದುವಾಗದೆಂಬ ನಂಬಿಕೆಯು ಲೆನೆಕ್‌ನ ಕಾಲದಿಂದ ಮೊನ್ನೆ ಮೊನ್ನೆಯವರೆಗೂ ಇದ್ದಿತು. 2013ರಲ್ಲಿ ಬಂದ ಒಂದು ದೀರ್ಘ ಅಧ್ಯಯನದಲ್ಲಿ, ಬಿ ವೈರಾಣುವಿನಿಂದ ಸಿರೋಸಿಸ್ ಆಗಿದ್ದ 96 ಜನರು ಐದು ವರ್ಷ ಟೆನೊಫೊವಿರ್ ಗುಳಿಗೆ ನುಂಗಿದ ಬಳಿಕ ಯಕೃತ್ತಿನ ತುಣುಕು ತೆಗೆದು ನೋಡಿದರೆ, 71 ಜನರಲ್ಲಿ ಅದು ಸಿರೋಸಿಸ್ ಎನ್ನುವಂತೆ ಇರಲಿಲ್ಲ. ದಿನಕ್ಕೊಂದು ಗುಳಿಗೆ, ಬಹುಶಃ ಆಯುಷ್ಯವಿಡೀ. ವೈರಾಣು ಸಾಯುವುದಿಲ್ಲ, ಅಡಗಿರುತ್ತದೆ, ತಾನಾಗಿ ನಿಲ್ಲಿಸಿದರೆ ಮತ್ತೆ ಏಳುತ್ತದೆ. ಸಿ ವೈರಾಣುವಾದರೋ ಸಾಮಾನ್ಯವಾಗಿ ಹನ್ನೆರಡು ವಾರಗಳ ಗುಳಿಗೆಯಿಂದ 100ಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ನಿರ್ಮೂಲವಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಎರಡೂ ಬಗೆಯ ಪರೀಕ್ಷೆ ಮತ್ತು ಔಷಧಗಳನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಮ್ಮ ರೈತನ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರೂ ಅದೇ ಪರೀಕ್ಷೆಗೆ ಬರತಕ್ಕದ್ದು. ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ಮುಂದೆ ಮನೆಯಲ್ಲಿ ಹುಟ್ಟುವ ಕೂಸಿಗೆ ಮೊದಲ ಚುಚ್ಚುಮದ್ದು 24 ಗಂಟೆಗಳೊಳಗೆ ಬೀಳತಕ್ಕದ್ದು.

ಹೂಳು ತೆಗೆದ ಮಾತ್ರಕ್ಕೆ ತೂಬುಗಳೆಲ್ಲ ಅಂದೇ ಕಿರಿದಾಗುವುದಿಲ್ಲ. ಸಿ ವೈರಾಣು ನಿರ್ಮೂಲವಾದಮೇಲೂ, ಮೊದಲೇ ದ್ವಾರಸಿರೆಯ ಒತ್ತಡ ಬಹಳ ಏರಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಎರಡು ವರ್ಷಗಳ ಬಳಿಕವೂ ಅದು 10 ಮಿಲಿಮೀಟರಿನ ಮೇಲೆಯೇ ಇದ್ದುದನ್ನು ಸ್ಪೇನಿನ ವೈದ್ಯರು ಅಳೆದಿರುವರು. ಕಿರುಬಿಲ್ಲೆಗಳ ಸಂಖ್ಯೆ ತಿಂಗಳುಗಟ್ಟಲೆಯಲ್ಲಿ ಮೆಲ್ಲಗೆ ಏರುತ್ತದೆ, ಗುಲ್ಮವು ಅದಕ್ಕಿಂತಲೂ ಮೆಲ್ಲಗೆ ಕುಗ್ಗುತ್ತದೆ, ಕೆಲವರಲ್ಲಿ ಕುಗ್ಗುವುದೇ ಇಲ್ಲ. ಆದುದರಿಂದ ವೈರಾಣು ಅಡಗಿತೆಂದು ಚೀಟಿ ಬಂದಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ನಿಲ್ಲುವುದಿಲ್ಲ. ಗಂಟುಗಟ್ಟಿದ ಯಕೃತ್ತಿನಲ್ಲಿ ಅರ್ಬುದ ಮೊಳೆಯುವ ಭಯವೂ ಇರುವುದರಿಂದ, ಒಂದೇ ಸ್ಕ್ಯಾನಿಂಗಿನಲ್ಲಿ ಯಕೃತ್ತು, ದ್ವಾರಸಿರೆ, ಗುಲ್ಮ ಮೂರನ್ನೂ ನೋಡಿ ಅಳತೆ ಬರೆದಿಡುವರು.